ರಕ್ತಪಾಯಿ ನಾಯಕನೂ ರಸವಿರೋಧವೂ

೧

ಪಾಶ್ಚಾತ್ಯರು ‘ವ್ಯಾಂಪೈರ್’ ಎಂದು ಕರೆಯುವ ರಕ್ತಪಾಯಿ ಪ್ರೇತವು ಮೊದಲು ಹಳ್ಳಿಗರ ಭಯದಲ್ಲಿ ಹುಟ್ಟಿ, ಅನಂತರ ಘೋರಕಥೆಗಳ ಪ್ರತಿನಾಯಕನಾಗಿ ಬೆಳೆದು, ಕಟ್ಟಕಡೆಗೆ ಪ್ರಣಯಕಥೆಗಳ ನಾಯಕಪದವಿಯನ್ನೇರಿ ಕುಳಿತಿದೆ. ಹಗಲನ್ನು ಹೆಣದ ಪೆಟ್ಟಿಗೆಯಲ್ಲಿ ಕಳೆದು, ಇರುಳು ಎದ್ದು ಬಂದು, ಜೀವಂತರ ಕೊರಳಿನ ರಕ್ತವನ್ನು ಹೀರುವ ಜಾತಿಯ ಒಬ್ಬನನ್ನು ತರುಣಿಯೊಬ್ಬಳು ಮನಸಾರೆ ಪ್ರೀತಿಸುವಳೆಂದೂ, ಆ ಪ್ರೀತಿಯ ಕಥೆಯನ್ನೋದಿ ಅಸಂಖ್ಯಾತ ವಾಚಕರು ಪುಲಕಿತರಾಗುವರೆಂದೂ ಕೇಳಿದರೆ, ರಸಶಾಸ್ತ್ರವನ್ನು ಗುರುಮುಖದಿಂದ ಕಲಿತವರಿಗೆ ಇದು ಅಸಂಭವವೆಂದೇ ತೋರುವುದು ಸಹಜ. ಶೃಂಗಾರಕ್ಕೂ ಬೀಭತ್ಸಕ್ಕೂ ಇರುವ ವಿರೋಧವು ನಮ್ಮ ಆಲಂಕಾರಿಕರೆಲ್ಲರಿಗೂ ಸಮ್ಮತವಾದುದು. ಆದರೆ ಸಂಗತಿಯು ಕಣ್ಣೆದುರಿಗೇ ಇದೆ. ಅಮೆರಿಕೆಯ ಸ್ಟೆಫನಿ ಮೇಯರ್ ಎಂಬ ಲೇಖಿಕೆಯು ೨೦೦೫ರಿಂದ ೨೦೦೮ರವರೆಗೆ ಪ್ರಕಟಿಸಿದ ‘ಟ್ವೈಲೈಟ್’ ಮಾಲೆಯ ನಾಲ್ಕು ಕಾದಂಬರಿಗಳು ೧೦ ಕೋಟಿ ಪ್ರತಿಗಳಿಗೂ ಮೀರಿ ಮಾರಾಟವಾಗಿವೆ. ಲಕ್ಷ್ಯವು ಲಕ್ಷಣಕ್ಕೆ ವಿರುದ್ಧವಾಗಿ ಕಂಡಾಗ ಎರಡೇ ಮಾರ್ಗಗಳುಂಟು. ಲಕ್ಷ್ಯವು ದುಷ್ಟವೆಂದು ತೋರಿಸಬೇಕು. ಇಲ್ಲವೆ ಲಕ್ಷಣವನ್ನು ಇನ್ನಷ್ಟು ಸೂಕ್ಷ್ಮವಾಗಿ ಅರಿಯಬೇಕು. ಈ ಪ್ರಸಂಗದಲ್ಲಿ ಎರಡೂ ಸ್ವಲ್ಪ ಸ್ವಲ್ಪ ಅವಶ್ಯಕವಾಗಿವೆಯೆಂಬುದು ಮುಂದಿನ ವಿಚಾರದಿಂದ ತಿಳಿಯುವುದು.

ಇಂತಹ ಗ್ರಂಥಗಳು ಪೇಟೆಯ ಸರಕುಗಳು, ವಿದ್ವತ್ಪತ್ರಿಕೆಯಲ್ಲಿ ಇವುಗಳ ಚರ್ಚೆ ಏತಕ್ಕೆ, ಎಂದು ಕೆಲವರು ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನವು ಸುಲಭ. ಅಧ್ಯಾಪಕನು ಓದದ ಮಾತ್ರಕ್ಕೆ ವಿದ್ಯಾರ್ಥಿಯು ಓದದೆ ಇರುವುದಿಲ್ಲ. ತಾನು ಪ್ರೀತಿಸಿ ಓದಿದ ಪುಸ್ತಕದ ಗುಣದೋಷಗಳನ್ನು ವಿವೇಚಿಸುವ ಸಾಮರ್ಥ್ಯ ತನ್ನ ಗುರುವಿಗಿಲ್ಲವೆಂದು ವಿದ್ಯಾರ್ಥಿಗೆ ತೋರಿದರೆ, ಗುರುವು ಕಾಳಿದಾಸನ ವಿಷಯದಲ್ಲಿ ಹೇಳುವ ಮಾತೂ ಅವನಿಗೆ ಹಳೆಯ ಪಾಠವಾಗಿಯೇ ಕೇಳಿಸುವುದು. ಇದಲ್ಲದೆ, ಶಾಸ್ತ್ರದ ಬಲವು ಉತ್ತಮ ಕಾವ್ಯವನ್ನು ಹೊಗಳುವುದರಲ್ಲಿ ತಿಳಿಯುವುದಕ್ಕಿಂತ ಸಂದಿಗ್ಧ ಸ್ಥಲವನ್ನು ಬಿಡಿಸುವುದರಲ್ಲಿ ಹೆಚ್ಚಾಗಿ ತಿಳಿಯುತ್ತದೆ.

೨

ಮೊದಲು ಈ ಪ್ರೇತದ ಸ್ವರೂಪವನ್ನು ನಿರ್ಧರಿಸಿಕೊಳ್ಳಬೇಕು. ಇಂಗ್ಲಿಷ್ ಬಲ್ಲ ಅನೇಕರು ನಮ್ಮ ವೇತಾಳವೂ ಇದೂ ಒಂದೇ ಎಂದು ತಿಳಿದಿದ್ದಾರೆ. ರಿಚರ್ಡ್ ಬರ್ಟನ್ ಎಂಬಾತನು ವೇತಾಳಪಂಚವಿಂಶತಿಯ ಕಥೆಗಳನ್ನು ೧೮೭೦ರಲ್ಲಿ ‘ವಿಕ್ರಮ್ ಅಂಡ್ ದಿ ವ್ಯಾಂಪೈರ್’ ಎಂಬ ಹೆಸರಿನಿಂದ ಇಂಗ್ಲಿಷಿಗೆ ತಂದುದು ಈ ಭ್ರಾಂತಿಗೆ ಬಹುಮಟ್ಟಿಗೆ ಕಾರಣವಾಯಿತು. ಆ ಕಥಾಚಕ್ರದ ವೇತಾಳವು ಪರಕೀಯ ಶವವನ್ನು ಹೊಕ್ಕು, ರಾಜನ ಹೆಗಲಮೇಲೆ ಕುಳಿತು, ಧರ್ಮಸೂಕ್ಷ್ಮದ ಪ್ರಶ್ನೆಗಳನ್ನು ಕೇಳುವ ವಾಗ್ಮಿ. ರಾಜನ ರಕ್ತವು ಅದಕ್ಕೆ ಬೇಕಾಗಿಲ್ಲ; ಉತ್ತರವು ಬೇಕು. ಪಾಶ್ಚಾತ್ಯರ ರಕ್ತಪಾಯಿಯಾದರೋ ತನ್ನ ಶವದಲ್ಲಿಯೇ ತಾನು ಉಳಿದು, ಬದುಕಿದವರ ರಕ್ತದಿಂದ ಆ ಶವವನ್ನು ಪೋಷಿಸಿಕೊಳ್ಳುವುದು. ಸರ್ಬಿಯಾ ಪ್ರಾಂತದ ಹಳ್ಳಿಗಳಲ್ಲಿ ೧೭೨೫ರಲ್ಲಿಯೂ ೧೭೩೧-೩೨ರಲ್ಲಿಯೂ ಇಂತಹ ಪ್ರೇತಗಳ ಹಾವಳಿಯಾಯಿತೆಂದು ಜನರು ದೂರಿಕೊಳ್ಳಲು, ಆಗ ಆ ಪ್ರಾಂತವನ್ನು ಆಳುತ್ತಿದ್ದ ಆಸ್ಟ್ರಿಯಾದ ಅಧಿಕಾರಿಗಳು ಗೋರಿಗಳನ್ನು ಅಗೆಯಿಸಿ ವರದಿಗಳನ್ನು ಬರೆಯಿಸಿದರು. ಕೊಳೆಯದ ಹೆಣ, ಬಾಯಲ್ಲಿ ಹಸಿರಕ್ತ, ಹೊಸದಾಗಿ ಬೆಳೆದಂತೆ ತೋರುವ ಉಗುರು ಇವೇ ಆ ವರದಿಗಳಲ್ಲಿ ಕಾಣುವ ಲಕ್ಷಣಗಳು. ೧೭೩೨ರಲ್ಲಿ ಈ ಸುದ್ದಿಯು ಇಂಗ್ಲೆಂಡಿನ ವೃತ್ತಪತ್ರಿಕೆಗಳನ್ನು ಮುಟ್ಟಿತು. ೧೭೪೬ರಲ್ಲಿ ಕಾಲ್ಮೆ ಎಂಬ ಫ್ರೆಂಚ್ ಸಂನ್ಯಾಸಿಯು ಇದನ್ನು ಕುರಿತು ಒಂದು ಗ್ರಂಥವನ್ನೇ ರಚಿಸಿದನು.

ಇಲ್ಲಿಯವರೆಗೆ ಈ ಪ್ರೇತದಲ್ಲಿ ಮನೋಹರವಾದುದು ಏನೊಂದೂ ಇಲ್ಲವೆಂಬುದನ್ನು ಗಮನಿಸಬೇಕು. ಅದು ಊದಿದ ಹೆಣ; ಸತ್ತ ಹಳ್ಳಿಗ. ಅದರ ಸ್ಥಾಯಿಯು ಶುದ್ಧವಾದ ಜುಗುಪ್ಸೆ. ಹೀಗಿರಲು ಅದು ಶೃಂಗಾರಕ್ಕೆ ಆಲಂಬನವಾದುದು ಹೇಗೆ ಎಂಬುದೇ ಪ್ರಶ್ನೆ.

೩

ಶಾಸ್ತ್ರದ ಮಾತನ್ನು ಸಂಗ್ರಹವಾಗಿ ಸ್ಮರಿಸುವುದು ಇಲ್ಲಿ ಅವಶ್ಯಕ. ಭರತಮುನಿಯು ಶೃಂಗಾರದಲ್ಲಿ ಬರಬಹುದಾದ ವ್ಯಭಿಚಾರಿಭಾವಗಳನ್ನು ಹೇಳುವಾಗ ಆಲಸ್ಯ, ಉಗ್ರತೆ, ಜುಗುಪ್ಸೆಗಳನ್ನು ಹೊರಗಿಟ್ಟಿರುವನು. ಆನಂದವರ್ಧನನು ಧ್ವನ್ಯಾಲೋಕದ ತೃತೀಯೋದ್ಯೋತದಲ್ಲಿ ಪರಸ್ಪರ ಬಾಧ್ಯಬಾಧಕವಾದ ರಸಗಳನ್ನು ಎಣಿಸುವಾಗ ಶೃಂಗಾರಬೀಭತ್ಸಗಳ ಜೋಡಿಯನ್ನೇ ಮೊದಲು ಹೇಳುವನು. ಶೃಂಗಾರಕ್ಕೂ ಭಯಾನಕಕ್ಕೂ ವಿರೋಧವನ್ನು ಅಲ್ಲಿ ಹೇಳಿಲ್ಲ. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಭಯಾನಕವನ್ನೂ ಶೃಂಗಾರದ ವಿರೋಧಿಗಳಲ್ಲಿ ಸೇರಿಸಿದ್ದರೂ, ವಿರೋಧವು ಮೂರು ವಿಧವೆಂದು ವಿಭಾಗಿಸಿ ಮಹೋಪಕಾರವನ್ನು ಮಾಡಿರುವನು: ಆಲಂಬನವು ಒಂದೇ ಆದಾಗ ಬರುವ ವಿರೋಧ, ಆಶ್ರಯವು ಒಂದೇ ಆದಾಗ ಬರುವ ವಿರೋಧ, ನಡುವೆ ಅಂತರವಿಲ್ಲದೆ ಒಂದರ ಬೆನ್ನಿಗೊಂದು ಬಂದಾಗ ಆಗುವ ವಿರೋಧ. ಸಂಭೋಗಶೃಂಗಾರಕ್ಕೆ ಬೀಭತ್ಸದೊಡನೆ ಇರುವುದು ಆಲಂಬನೈಕ್ಯದ ವಿರೋಧ. ಎಂದರೆ, ಯಾವ ವ್ಯಕ್ತಿಯಲ್ಲಿ ರತಿಯುಂಟೋ ಆ ವ್ಯಕ್ತಿಯಲ್ಲಿಯೇ ಜುಗುಪ್ಸೆಯೂ ಉಂಟಾದರೆ ಎರಡೂ ನಿಲ್ಲಲಾರವು.

ಇದರ ಜೊತೆಗೆ ವಿಶ್ವನಾಥನು ಶೃಂಗಾರಾಭಾಸದ ಸ್ಥಾನಗಳನ್ನೂ ಹೇಳಿರುವನು. ಪ್ರತಿನಾಯಕನಲ್ಲಿ ನೆಲೆಗೊಂಡ ರತಿ, ಉಭಯರಲ್ಲಿಯೂ ಸಮನಾಗಿರದ ರತಿ, ಅಧಮಪಾತ್ರದಲ್ಲಿಯೂ ತಿರ್ಯಗಾದಿಗಳಲ್ಲಿಯೂ ಇರುವ ರತಿ ಇವು ಅಲ್ಲಿ ಬರುತ್ತವೆ. ರಕ್ತಪಾಯಿಯ ಪ್ರಣಯವು ಮೊದಲ ನೋಟಕ್ಕೆ ಈ ಮೂರು ಬಲೆಗಳಲ್ಲಿಯೂ ಒಟ್ಟಿಗೆ ಬೀಳುವಂತೆ ಕಾಣುವುದು.

ಆದರೂ ನಮ್ಮ ಕವಿಗಳು ಇಂತಹ ಅಪಾಯದ ಸ್ಥಲಗಳಲ್ಲಿ ಸಂಚರಿಸದೆ ಬಿಟ್ಟವರಲ್ಲ. ಭವಭೂತಿಯ ಮಾಲತೀಮಾಧವದ ಐದನೆಯ ಅಂಕದಲ್ಲಿ ನಾಯಕನು ಮಾಲತಿಯನ್ನು ಪಡೆಯುವ ಆಸೆಯಿಂದ ನರಮಾಂಸವನ್ನು ಮಾರುತ್ತ ಶ್ಮಶಾನದಲ್ಲಿ ಅಲೆಯುವನು. ಬೀಭತ್ಸವು ಅಲ್ಲಿ ಪರಾಕಾಷ್ಠೆಯನ್ನು ಮುಟ್ಟಿದೆ. ಆದರೂ ಶೃಂಗಾರಕ್ಕೆ ಭಂಗವಿಲ್ಲ. ಏಕೆಂದರೆ ಜುಗುಪ್ಸೆಗೆ ಆಲಂಬನವು ಪಿಶಾಚಗಳು, ರತಿಗೆ ಆಲಂಬನವು ಮಾಲತಿ. ಜನ್ನನು ೧೨೦೯ರಲ್ಲಿ ರಚಿಸಿದ ಯಶೋಧರಚರಿತೆಯಲ್ಲಿ ಅಮೃತಮತಿಯು ನಡುರಾತ್ರಿಯಲ್ಲಿ ಕೇಳಿಬಂದ ಹಾಡಿಗೆ ಮನಸೋತು, ಹಾಡಿದವನು ವಿಕಾರರೂಪಿಯಾದ ಅಷ್ಟಾವಂಕನೆಂದು ತಿಳಿದ ಮೇಲೆಯೂ ಅವನನ್ನೇ ಬಯಸುವಳು. ಇಲ್ಲಿ ಆಲಂಬನವು ಒಂದೇ, ಆಶ್ರಯವು ಬೇರೆ. ಅಮೃತಮತಿಗೆ ರತಿ, ಯಶೋಧರನಿಗೂ ವಾಚಕನಿಗೂ ಜುಗುಪ್ಸೆ. ಜನ್ನನು ಈ ಎರಡನ್ನೂ ನಿರ್ವೇದದ ಕಡೆಗೆ ತಿರುಗಿಸಿ ತನ್ನ ಧಾರ್ಮಿಕೋದ್ದೇಶವನ್ನು ಸಾಧಿಸಿರುವನು.

ಆದರೆ ಪ್ರಕೃತಕ್ಕೆ ಅತ್ಯಂತ ಸಮೀಪವಾದ ದೃಷ್ಟಾಂತವು ಮಹಾಭಾರತದ ಆದಿಪರ್ವದಲ್ಲಿದೆ. ಹಿಡಿಂಬೆಯು ನರಮಾಂಸವನ್ನು ತರಲೆಂದು ಅಣ್ಣನಿಂದ ಕಳುಹಿಸಲ್ಪಟ್ಟು ಬಂದವಳು. ಆಹಾರವಾಗಬೇಕಾಗಿದ್ದ ಭೀಮನನ್ನು ಕಂಡು ಮೋಹಗೊಂಡವಳು. ಬೇಟೆಗಾರ್ತಿಯು ಬೇಟೆಯನ್ನು ಪ್ರೀತಿಸಿದ ಕಥೆಯೆಂದರೆ ಇದೇ. ವ್ಯಾಸನು ಇಲ್ಲಿ ಮಾಡಿರುವ ವಿನ್ಯಾಸವು ಅಭ್ಯಾಸಯೋಗ್ಯವಾದುದು. ರಾಕ್ಷಸತ್ವದಲ್ಲಿ ಹೇಯವಾದುದೆಲ್ಲವನ್ನೂ ಅಣ್ಣನಾದ ಹಿಡಿಂಬನಲ್ಲಿ ನಿಲ್ಲಿಸಿ, ಅವನನ್ನು ಭೀಮನ ಕೈಯಿಂದ ಕೊಲ್ಲಿಸಿ, ತಂಗಿಯನ್ನು ಸುಂದರರೂಪಿಣಿಯನ್ನಾಗಿ ಮಾಡಿ ರತಿಗೆ ಅರ್ಹಳನ್ನಾಗಿಸಿರುವನು. ಒಂದೇ ಆಗಿದ್ದ ಆಲಂಬನವನ್ನು ಎರಡಾಗಿ ಸೀಳಿದನೆಂದು ಹೇಳಬಹುದು. ಪಂಪನ ವಿಕ್ರಮಾರ್ಜುನವಿಜಯದಲ್ಲಿಯೂ ಕುಮಾರವ್ಯಾಸನ ಭಾರತದಲ್ಲಿಯೂ ಈ ಪ್ರಸಂಗವನ್ನು ಓದಿದ ಕನ್ನಡಿಗರಿಗೆ ಹಿಡಿಂಬೆಯ ವಿಷಯದಲ್ಲಿ ಅಸಹ್ಯವು ಹುಟ್ಟದಿರುವುದಕ್ಕೆ ಈ ಸೀಳುವಿಕೆಯೇ ಕಾರಣ. ಇದನ್ನು ನೆನಪಿನಲ್ಲಿಟ್ಟುಕೊಂಡು ಪಾಶ್ಚಾತ್ಯರ ಕಥೆಗಳನ್ನು ಪರಿಶೀಲಿಸಬೇಕು.

೪

ಹಳ್ಳಿಗನ ಹೆಣವು ಕುಲೀನನ ವೇಷವನ್ನು ಧರಿಸಿದುದು ಮೊದಲನೆಯ ಪರಿವರ್ತನೆ. ೧೮೧೬ರ ಬೇಸಗೆಯಲ್ಲಿ ಜಿನೀವಾ ಸರೋವರದ ದಡದ ಮನೆಯೊಂದರಲ್ಲಿ ಬೈರನ್ ಕವಿಯೂ ಅವನ ಮಿತ್ರರೂ ಪ್ರೇತಕಥೆಗಳನ್ನು ರಚಿಸುವ ಪಂಥವನ್ನು ಹೂಡಿದರು. ಮೇರಿ ಷೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಹುಟ್ಟಿದುದು ಆ ಪಂಥದಿಂದಲೇ. ಬೈರನ್ನನ ವೈದ್ಯನಾಗಿದ್ದ ಪೋಲಿಡೋರಿಯು ಅದೇ ಪ್ರಸಂಗದಿಂದ ಬೀಜವನ್ನು ಪಡೆದು ಬರೆದ ‘ದಿ ವ್ಯಾಂಪೈರ್’ ಎಂಬ ಕಥೆಯು ೧೮೧೯ರಲ್ಲಿ ಬೈರನ್ನನ ಹೆಸರಿನಲ್ಲಿಯೇ ಪ್ರಕಟವಾಯಿತು. ಅದರ ಲಾರ್ಡ್ ರೂತ್ವೆನ್ ಎಂಬ ಪಾತ್ರವು ಬೈರನ್ನನ ಪ್ರತಿಬಿಂಬವೆಂಬುದು ಪ್ರಸಿದ್ಧ. ಅವನು ವಿವರ್ಣನು, ಸಭ್ಯನು, ನಿರ್ದಯನು. ಲಂಡನ್ನಿನ ಶ್ರೀಮಂತರ ಮನೆಗಳಲ್ಲಿ ಆಹ್ವಾನಿತನು. ಕೊನೆಗೆ ಮಿತ್ರನ ತಂಗಿಯನ್ನೇ ಮದುವೆಯಾಗಿ ಅವಳ ರಕ್ತವನ್ನು ಕುಡಿದು ಮಾಯವಾಗುವನು. ಇಲ್ಲಿ ಪ್ರೇತಕ್ಕೆ ರೂಪವೂ ಕುಲವೂ ಬಂದವು. ಜುಗುಪ್ಸೆಯು ಕಡಮೆಯಾಗಿ ಭಯವು ಮೇಲೆದ್ದಿತು. ಆದರೆ ರೂತ್ವೆನ್ನನಿಗೆ ಯಾರಲ್ಲಿಯೂ ರತಿಯಿಲ್ಲ. ಆದುದರಿಂದ ಅಲ್ಲಿ ಶೃಂಗಾರವಿಲ್ಲ. ಶೃಂಗಾರದ ವೇಷ ಮಾತ್ರ ಉಂಟು.

ಫ್ರೆಂಚ್ ಕವಿ ಗೋತಿಯೇ ೧೮೩೬ರಲ್ಲಿ ಬರೆದ ‘ಪ್ರಣಯಿನಿಯಾದ ಮೃತೆ’ ಎಂಬರ್ಥದ ಹೆಸರಿನ ಕಥೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕ್ಲಾರಿಮೋಂದ್ ಎಂಬ ರಕ್ತಪಾಯಿನಿಯು ತನ್ನ ಪ್ರಿಯನಾದ ಪಾದ್ರಿಯು ಮಲಗಿರುವಾಗ ಅವನ ತೋಳನ್ನು ಸೂಜಿಯಿಂದ ಚುಚ್ಚಿ, ಅವನ ಪ್ರಾಣಕ್ಕೆ ಅಪಾಯವಾಗದಂತೆ, ಕೆಲವು ತೊಟ್ಟುಗಳನ್ನು ಮಾತ್ರ ಹೀರುವಳು. ಅವನು ಅದನ್ನು ತಿಳಿದ ಮೇಲೆಯೂ ಅವಳನ್ನು ಪ್ರೀತಿಸುವನು. ಪ್ರಿಯನ ಹಿತಕ್ಕಾಗಿ ತನ್ನ ಹಸಿವೆಯನ್ನು ಅಳತೆಯಲ್ಲಿಟ್ಟುಕೊಳ್ಳುವ ಪ್ರೇತವು ಇಲ್ಲಿ ಕಾಣಿಸಿಕೊಂಡಿತು. ಈ ಸಂಯಮವೇ ಮುಂದಿನ ಎಲ್ಲ ರಕ್ತಪಾಯಿಪ್ರಣಯಗಳ ಬೀಜ.

ಐರ್ಲೆಂಡಿನ ಲೆ ಫಾನುವಿನ ‘ಕಾರ್ಮಿಲ್ಲಾ’ ೧೮೭೧-೭೨ರಲ್ಲಿ ಹೊರಬಂದಿತು. ಅದರ ಕಥೆಯನ್ನು ಹೇಳುವ ಲಾರಾ ಎಂಬ ತರುಣಿಯು ತನ್ನ ಮನೆಗೆ ಅತಿಥಿಯಾಗಿ ಬಂದ ಕಾರ್ಮಿಲ್ಲೆಯ ವಿಷಯದಲ್ಲಿ ತನಗೆ ಆಕರ್ಷಣೆಯೂ ಹೇವರಿಕೆಯೂ ಒಮ್ಮೆಗೇ ಉಂಟಾಗುತ್ತಿದ್ದುವೆಂದು ಸ್ಪಷ್ಟವಾಗಿ ಒಪ್ಪಿಕೊಳ್ಳುವಳು. ಆಲಂಬನವೂ ಒಂದು, ಆಶ್ರಯವೂ ಒಂದು, ಕಾಲವೂ ಒಂದು. ವಿಶ್ವನಾಥನು ಹೇಳಿದ ಮೂರು ವಿರೋಧಗಳೂ ಇಲ್ಲಿ ಕೂಡಿಬಂದಿವೆ. ಆದರೂ ಕಥೆಯು ಕೆಟ್ಟಿಲ್ಲ. ಏಕೆ? ರತಿಯು ಇಲ್ಲಿ ಅಂಗಿಯಲ್ಲ, ಭಯಾನಕವು ಅಂಗಿ. ತನ್ನನ್ನು ಕೊಲ್ಲುತ್ತಿರುವವಳ ಕಡೆಗೆ ಮನಸ್ಸು ಒಲಿಯುತ್ತದೆಯೆಂಬುದು ಭಯವನ್ನು ಕುಂದಿಸುವುದಿಲ್ಲ, ಹೆಚ್ಚಿಸುವುದು. ಶತ್ರುವು ಹೊರಗಿದ್ದರೆ ಓಡಬಹುದು. ಒಲವೇ ಶತ್ರುವಿನ ಪಕ್ಷವನ್ನು ವಹಿಸಿದರೆ ಓಡುವುದೆಲ್ಲಿಗೆ? ವಿರೋಧಿಯಾದ ರಸವು ಅಂಗವಾಗಿ ಬಂದರೆ ದೋಷವಿಲ್ಲವೆಂದು ಆನಂದವರ್ಧನನು ಹೇಳಿದುದಕ್ಕೆ ಇದು ಒಳ್ಳೆಯ ಉದಾಹರಣೆ.

ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ೧೮೯೭ರಲ್ಲಿ ಪ್ರಕಟವಾಯಿತು. ಆ ಕಾದಂಬರಿಯು ದಿನಚರಿ, ಪತ್ರ, ವೃತ್ತಪತ್ರಿಕೆಯ ತುಣುಕುಗಳಿಂದ ಹೆಣೆಯಲ್ಪಟ್ಟಿದೆ. ಜೊನಾಥನ್, ಮೀನಾ, ಲೂಸಿ, ಡಾಕ್ಟರ್ ಸೀವರ್ಡ್ ಮೊದಲಾದವರಿಗೆ ತಮ್ಮ ತಮ್ಮ ಬರವಣಿಗೆಗಳುಂಟು. ಕೌಂಟ್ ಡ್ರಾಕುಲನಿಗೆ ದಿನಚರಿಯಿಲ್ಲ. ಅವನ ಮನಸ್ಸಿನೊಳಗೆ ವಾಚಕನಿಗೆ ಪ್ರವೇಶವಿಲ್ಲ. ಅವನು ಯಾವ ಭಾವಕ್ಕೂ ಆಶ್ರಯನಾಗಿ ನಿರೂಪಿತನಾಗಿಲ್ಲ, ಇತರರ ಭಯಕ್ಕೆ ಆಲಂಬನ ಮಾತ್ರ. ರತಿಯು ಅಲ್ಲಲ್ಲಿ ತಲೆಯೆತ್ತಿದರೂ ಒಡನೆ ಶಿಕ್ಷೆಯನ್ನು ಪಡೆಯುತ್ತದೆ. ಪ್ರೇತವಾಗಿ ಎದ್ದ ಲೂಸಿಯು ತನ್ನ ವರನಾಗಬೇಕಾಗಿದ್ದ ಆರ್ಥರನನ್ನು ಶ್ಮಶಾನದಲ್ಲಿ ಇಂಪಾದ ದನಿಯಿಂದ ಕರೆಯುವಳು. ಅವನು ಅವಳ ಕಡೆಗೆ ತೋಳುಗಳನ್ನು ಚಾಚುವನು. ಅಮೃತಮತಿಯನ್ನು ಸೆಳೆದಂತೆ ಇಲ್ಲಿಯೂ ಸೆಳೆದುದು ಕಂಠಧ್ವನಿಯೇ ಎಂಬುದು ಗಮನಾರ್ಹ. ಕಡೆಗೆ ಅವಳ ಎದೆಗೆ ಗೂಟವನ್ನು ಹೊಡೆಯುವ ಕಾರ್ಯವು ಆರ್ಥರನ ಕೈಗೇ ಬರುತ್ತದೆ. ರತಿಯು ಜುಗುಪ್ಸೆಯಿಂದ ಬಾಧಿತವಾಯಿತು. ಶಾಸ್ತ್ರದ ನಿಯಮವು ಅಕ್ಷರಶಃ ನಡೆಯಿತು.

೫

ಎರಡನೆಯ ಪರಿವರ್ತನೆಯು ೧೯೭೬ರಲ್ಲಿ ಅಮೆರಿಕೆಯ ಆನ್ ರೈಸ್ ಎಂಬ ಲೇಖಿಕೆಯ ‘ಇಂಟರ್‌ವ್ಯೂ ವಿತ್ ದಿ ವ್ಯಾಂಪೈರ್’ ಎಂಬ ಕಾದಂಬರಿಯಿಂದಾಯಿತು. ಇಲ್ಲಿ ಲೂಯಿ ಎಂಬ ರಕ್ತಪಾಯಿಯೇ ತನ್ನ ವೃತ್ತಾಂತವನ್ನು, ೧೭೯೧ರಿಂದ ಮೊದಲ್ಗೊಂಡು, ತರುಣನೊಬ್ಬನಿಗೆ ಹೇಳುವನು. ಸ್ಟೋಕರನು ಕೊಡದಿದ್ದ ದಿನಚರಿಯನ್ನು ಈ ಲೇಖಿಕೆಯು ಕೊಟ್ಟಳೆಂದು ಹೇಳಬಹುದು. ಇದರ ಫಲವು ದೊಡ್ಡದು. ಆಲಂಬನವಾಗಿದ್ದವನು ಆಶ್ರಯನಾದ ಕೂಡಲೆ, ಹೊರಗಿನವರಿಗೆ ಅವನಲ್ಲಿದ್ದ ಜುಗುಪ್ಸೆಯು ಅವನಿಗೆ ತನ್ನಲ್ಲಿಯೇ ಉಂಟಾದ ಗ್ಲಾನಿಯಾಗಿ ಮಾರ್ಪಟ್ಟಿತು. ಕೊಲ್ಲದೆ ಬದುಕಲಾರೆ, ಕೊಂದು ಸಹಿಸಲಾರೆ ಎಂದು ಕೊರಗುವವನನ್ನು ಹೇಸುವುದು ಕಷ್ಟ, ಕನಿಕರಿಸುವುದು ಸುಲಭ. ಈ ಲೇಖಿಕೆಯ ಪುಟ್ಟ ಮಗಳು ೧೯೭೨ರಲ್ಲಿ ರಕ್ತದ ಅರ್ಬುದರೋಗದಿಂದ ತೀರಿಕೊಂಡಳು. ಆ ಬಳಿಕ ಬಂದ ಈ ಕಾದಂಬರಿಯಲ್ಲಿ ಕ್ಲಾಡಿಯಾ ಎಂಬ ಐದು ವರ್ಷದ ಮಗುವು ಎಂದಿಗೂ ಬೆಳೆಯದ ರಕ್ತಪಾಯಿನಿಯಾಗಿ ಉಳಿದುಬಿಡುತ್ತದೆ. ಇಲ್ಲಿಯ ಅಂಗಿರಸವು ಶೃಂಗಾರವಲ್ಲ, ಕರುಣ. ಆದರೆ ಕರುಣದ ಬಾಗಿಲನ್ನು ಈಕೆಯು ತೆರೆದುದರಿಂದಲೇ ಶೃಂಗಾರವು ಆಮೇಲೆ ಒಳಕ್ಕೆ ಬರುವುದು ಸಾಧ್ಯವಾಯಿತು. ೧೯೯೨ರಲ್ಲಿ ಬಂದ ಡ್ರಾಕುಲಾ ಚಲಚ್ಚಿತ್ರವು ಸ್ಟೋಕರನಲ್ಲಿಲ್ಲದ ಜನ್ಮಾಂತರಪ್ರೇಮವನ್ನು ಕೌಂಟನಿಗೆ ಕಲ್ಪಿಸಿ, ಮೀನಾ ಎಂಬವಳು ಅವನ ಪೂರ್ವಪತ್ನಿಯೇ ಎಂದು ತೋರಿಸಿತು. ಬಾಣನ ಕಾದಂಬರಿಯನ್ನಾಗಲಿ ನಾಗವರ್ಮನ ಕರ್ಣಾಟಕ ಕಾದಂಬರಿಯನ್ನಾಗಲಿ ಓದಿದವರಿಗೆ ಮರಣವನ್ನು ದಾಟಿದ ಪ್ರೇಮವು ಹೊಸದಲ್ಲ. ಆದರೆ ಮಹಾಶ್ವೇತೆಯು ತಪಸ್ಸಿನಿಂದ ಕಾದಳು. ಕೌಂಟನು ಇತರರ ರಕ್ತದಿಂದ ಕಾದನು. ಕಾಯುವಿಕೆಯ ಬೆಲೆಯನ್ನು ತೆತ್ತವರು ಯಾರೆಂಬುದೇ ಈ ಎರಡರ ಭೇದ.

೬

ಮೂರನೆಯದೂ ಸಂಪೂರ್ಣವೂ ಆದ ಪರಿವರ್ತನೆಯು ‘ಟ್ವೈಲೈಟ್’ ಮಾಲೆಯದು. ಫೋರ್ಕ್ಸ್ ಎಂಬ ಮಳೆನಾಡಿನ ಊರಿಗೆ ಬಂದ ಬೆಲ್ಲಾ ಎಂಬ ಹುಡುಗಿಯು ಎಡ್ವರ್ಡ್ ಕಲೆನ್ ಎಂಬ ಸಹಪಾಠಿಯನ್ನು ಪ್ರೀತಿಸುವಳು. ಅವನು ೧೯೧೮ರ ಇನ್‌ಫ್ಲುಯೆಂಜಾ ಮಾರಿಯಲ್ಲಿ ಸಾಯುತ್ತಿದ್ದಾಗ ರಕ್ತಪಾಯಿಯಾಗಿ ಮಾರ್ಪಟ್ಟವನು. ಅವನ ಕುಟುಂಬದವರು ಮೃಗಗಳ ರಕ್ತದಿಂದಲೇ ಜೀವಿಸುವ ವ್ರತವನ್ನು ಹಿಡಿದವರು. ಬೆಲ್ಲಳ ರಕ್ತದ ಕಂಪಾದರೋ ಅವನಿಗೆ ತಡೆಯಲಾರದಂಥದು. ಅವಳನ್ನು ಎಷ್ಟು ಪ್ರೀತಿಸುವನೋ ಅಷ್ಟೇ ಅವಳನ್ನು ಕೊಲ್ಲುವ ಬಯಕೆಯೂ ಅವನಿಗುಂಟು.

ಈ ಕಥೆಯಲ್ಲಿ ರಸವಿರೋಧದ ಪರಿಹಾರವು ಮೂರು ಬಗೆಯಾಗಿ ನಡೆದಿದೆ. ಮೊದಲನೆಯದಾಗಿ, ಜುಗುಪ್ಸೆಯ ವಿಭಾವಗಳೆಲ್ಲವೂ ನಾಯಕನಿಂದ ತೊಳೆದುಹೋಗಿವೆ. ಹೆಣದ ಪೆಟ್ಟಿಗೆಯಿಲ್ಲ, ದುರ್ಗಂಧವಿಲ್ಲ, ಬಾಯಲ್ಲಿ ನೆತ್ತರಿಲ್ಲ. ಮೈಯು ಅಮೃತಶಿಲೆಯಂತೆ ತಣ್ಣಗೂ ಗಟ್ಟಿಯಾಗಿಯೂ ಇದೆ, ಉಸಿರು ಸುಗಂಧವಾಗಿದೆ. ಎರಡನೆಯದಾಗಿ, ಹೇಯವಾದುದು ಜೇಮ್ಸ್, ವಿಕ್ಟೋರಿಯಾ ಮೊದಲಾದ ನರಹಂತಕರ ಪಾಲಿಗೆ ಹೋಗಿದೆ. ಇದು ವ್ಯಾಸನು ಹಿಡಿಂಬಹಿಡಿಂಬೆಯರಲ್ಲಿ ಮಾಡಿದ ಸೀಳುವಿಕೆಯೇ. ಮೂರನೆಯದಾಗಿ, ಭಯಕ್ಕೂ ರತಿಗೂ ನಡುವೆ ಅದ್ಭುತವನ್ನು ಇರಿಸಿದೆ. ಕಾಡಿನ ನಡುವಣ ಹುಲ್ಲುಗಾವಲಿನಲ್ಲಿ ಎಡ್ವರ್ಡನು ಬಿಸಿಲಿಗೆ ಬರಲು ಅವನ ಮೈಯು ವಜ್ರದಂತೆ ಥಳಥಳಿಸುತ್ತದೆ. ಬಳಿಕ ಅವನು ತನ್ನ ಭಯಂಕರವಾದ ಬಲವನ್ನು ತೋರಿಸುವನು. ಬಳಿಕ ಪ್ರಣಯದ ಮಾತು. ರಕ್ತಪಾಯಿಯು ಬಿಸಿಲಿನಲ್ಲಿ ಹೊಳೆಯುವುದನ್ನು ಪಾಶ್ಚಾತ್ಯ ವಿಮರ್ಶಕರು ಅನೇಕರು ಹಾಸ್ಯಮಾಡಿರುವರು. ಆದರೆ ನಾಗಾನಂದದಲ್ಲಿ ಜೀಮೂತವಾಹನನ ಶಾಂತಕ್ಕೂ ಮಲಯವತಿಯ ವಿಷಯವಾದ ಶೃಂಗಾರಕ್ಕೂ ನಡುವೆ ಅದ್ಭುತವನ್ನಿಟ್ಟು ನೈರಂತರ್ಯದೋಷವನ್ನು ಕಳೆದಿದೆಯೆಂದು ಆಲಂಕಾರಿಕರು ತೋರಿಸಿರುವುದನ್ನು ಬಲ್ಲವರು ಹಾಗೆ ನಗಲಾರರು. ಆ ಹೊಳಪು ಅಲಂಕಾರಕ್ಕಾಗಿ ಬಂದುದಲ್ಲ; ಅದಿಲ್ಲದಿದ್ದರೆ ಭಯದಿಂದ ರತಿಗೆ ದಾಟುವ ಸೇತುವೆಯೇ ಇರುತ್ತಿರಲಿಲ್ಲ.

ಹೀಗೆ ವಿರೋಧವು ಪರಿಹೃತವಾಯಿತು. ಆದರೆ ದೋಷಪರಿಹಾರ ಮಾತ್ರದಿಂದ ಆಕರ್ಷಣೆ ಹುಟ್ಟುವುದಿಲ್ಲ. ಆಕರ್ಷಣೆಯ ಮೂಲವು ಬೇರೆ, ಅದು ವಿಪ್ರಲಂಭದಲ್ಲಿದೆ. ವಿಪ್ರಲಂಭವಿಲ್ಲದೆ ಸಂಭೋಗವು ಪುಷ್ಟಿಯನ್ನು ಪಡೆಯದೆಂಬುದು ಪ್ರಾಚೀನರ ಅನುಭವ. ಆ ಕಾಲದ ಕವಿಗಳಿಗೆ ಪ್ರಣಯದ ವಿಘ್ನಗಳಿಗೆ ಕೊರತೆಯಿರಲಿಲ್ಲ: ಗುರುಜನರ ಅಧೀನತೆ, ಪ್ರವಾಸ, ಶಾಪ, ಸಪತ್ನಿಯ ಭಯ. ಮೇಯರಳ ಬೆಲ್ಲಳಿಗೆ ಇವು ಯಾವುವೂ ಇಲ್ಲ. ಅವಳಿಗೆ ಸ್ವಂತ ವಾಹನವುಂಟು, ತಂದೆಯು ಮಾತಿಗೆ ಅಡ್ಡಬಾರನು, ಪ್ರಿಯನು ಪಕ್ಕದ ಪೀಠದಲ್ಲಿಯೇ ಕುಳಿತಿರುವನು. ಇಂತಹ ಲೋಕದಲ್ಲಿ ವಿಪ್ರಲಂಭಕ್ಕೆ ಕಾರಣವನ್ನು ಎಲ್ಲಿಂದ ತರಬೇಕು? ಲೇಖಿಕೆಯು ಅದನ್ನು ನಾಯಕನ ಹಲ್ಲಿನಿಂದಲೇ ತಂದಿರುವಳು. ಹತ್ತಿರ ಬಂದರೆ ಸಾವು. ಆದುದರಿಂದ ಮುತ್ತನ್ನಿಡುವುದಕ್ಕೂ ಉಸಿರು ಬಿಗಿಹಿಡಿಯಬೇಕು. ವಿರಹಕ್ಕೆ ದೂರದೇಶವು ಬೇಕಾಗಿಲ್ಲ, ಒಂದು ಗೇಣಿನ ಅಂತರವು ಸಾಕು. ಯಕ್ಷನಿಗೆ ರಾಮಗಿರಿಯಿಂದ ಅಲಕೆಯವರೆಗೆ ಇದ್ದ ದೂರವು ಇವರಿಬ್ಬರಿಗೆ ಕೊರಳಿನ ತೊಗಲಿನಷ್ಟು ದಪ್ಪವಾಗಿದೆ. ಸನ್ನಿಧಿಯಲ್ಲಿಯೇ ನಡೆಯುವ ಈ ವಿಪ್ರಲಂಭವೇ ರಕ್ತಪಾಯಿಪ್ರಣಯದ ಜೀವಾತು. ಮೇಲಾಗಿ, ಬಲಿಷ್ಠನೊಬ್ಬನು ತನ್ನ ಬಲವನ್ನೆಲ್ಲ ತನ್ನನ್ನು ತಡೆದುಕೊಳ್ಳುವುದಕ್ಕೇ ವ್ಯಯಮಾಡುವುದನ್ನು ಕಂಡಾಗ ಪ್ರೀತಿಗೆ ಅದಕ್ಕಿಂತ ಬಲವಾದ ಅನುಭಾವವು ಬೇಕೆಂದು ಓದುಗಿತ್ತಿಗೆ ತೋರುವುದಿಲ್ಲ. ೨೦೨೦ರಲ್ಲಿ ಅದೇ ಕಥೆಯನ್ನು ಎಡ್ವರ್ಡನ ಮನಸ್ಸಿನಿಂದ ಮತ್ತೆ ಹೇಳುವ ‘ಮಿಡ್‌ನೈಟ್ ಸನ್’ ಪ್ರಕಟವಾದುದು ಇದಕ್ಕೆ ಸಾಕ್ಷಿ. ವಾಚಕರಿಗೆ ಕಥೆಯು ಗೊತ್ತಿತ್ತು. ಆ ತಡೆದುಕೊಳ್ಳುವಿಕೆಯನ್ನು ಒಳಗಿನಿಂದ ಕಾಣಬೇಕಾಗಿತ್ತು.

೭

ಇದಕ್ಕೆ ಬೇರೆ ಕಾರಣಗಳನ್ನು ಹೇಳುವವರೂ ಉಂಟು. ಮನಶ್ಶಾಸ್ತ್ರಜ್ಞನಾದ ಅರ್ನೆಸ್ಟ್ ಜೋನ್ಸನು ೧೯೩೧ರ ತನ್ನ ದುಃಸ್ವಪ್ನವಿಷಯಕವಾದ ಗ್ರಂಥದಲ್ಲಿ ರಕ್ತಪಾಯಿಯ ನಂಬಿಕೆಯನ್ನು ಅದುಮಿದ ಕಾಮದ ವಿಕಾರವೆಂದು ವಿವರಿಸಿರುವನು. ಇರಬಹುದು. ಆದರೆ ಅದು ನಂಬಿಕೆಯ ಹುಟ್ಟನ್ನು ಹೇಳುವುದೇ ಹೊರತು, ಒಂದು ಕಥೆಯು ಏಕೆ ಹೇಸಿಕೆಯನ್ನೂ ಇನ್ನೊಂದು ಏಕೆ ಪ್ರೀತಿಯನ್ನೂ ಹುಟ್ಟಿಸುವುದೆಂಬುದನ್ನು ಹೇಳಲಾರದು. ಬೀಜವು ಒಂದೇ ಆದರೂ ಅಡುಗೆಯ ರುಚಿಯು ಪಾಕವನ್ನು ಅವಲಂಬಿಸಿದೆ.

ಎರಡನೆಯ ಆಕ್ಷೇಪವು ಇದಕ್ಕಿಂತ ಗುರುತರವಾದುದು. ಈ ಕಥೆಗಳು ಹೆಣ್ಣಿನ ಮೇಲಣ ದಬ್ಬಾಳಿಕೆಯನ್ನು ಪ್ರೀತಿಯೆಂದು ಕಲಿಸುತ್ತವೆಯೆಂದು ಅನೇಕ ವಿಮರ್ಶಕಿಯರು ದೂರಿದ್ದಾರೆ. ಎಡ್ವರ್ಡನು ಬೆಲ್ಲಳಿಗೆ ತಿಳಿಯದಂತೆ ಇರುಳು ಅವಳ ಕೋಣೆಯನ್ನು ಹೊಕ್ಕು ಅವಳು ಮಲಗಿರುವುದನ್ನು ನೋಡುತ್ತ ನಿಲ್ಲುವನು. ಮೂರನೆಯ ಭಾಗದಲ್ಲಿ ಅವಳು ತನ್ನ ಗೆಳೆಯನಾದ ಜೇಕಬನ ಮನೆಗೆ ಹೋಗದಂತೆ ಅವಳ ವಾಹನವನ್ನೇ ಕೆಡಿಸಿಡುವನು. ಇವುಗಳನ್ನು ಲೇಖಿಕೆಯು ಕಾಳಜಿಯ ಚಿಹ್ನೆಗಳಾಗಿ ನಿರೂಪಿಸಿರುವಳು. ಭರತನ ಮಾತು ಇಲ್ಲಿ ನೆನಪಿಗೆ ಬರಬೇಕು. ಶೃಂಗಾರದಿಂದ ಅವನು ಹೊರಗಿಟ್ಟುದು ಜುಗುಪ್ಸೆಯೊಂದನ್ನೇ ಅಲ್ಲ, ಉಗ್ರತೆಯನ್ನೂ ಸಹ. ಮೇಯರಳ ಪಾಕವು ಜುಗುಪ್ಸೆಯನ್ನು ಸಂಪೂರ್ಣವಾಗಿ ತೊಳೆದಿದೆ, ಉಗ್ರತೆಯನ್ನು ಉಳಿಸಿಕೊಂಡಿದೆ. ಜುಗುಪ್ಸೆಯು ಮೂಗಿಗೆ ಬಡಿಯುವುದರಿಂದ ಅದನ್ನು ತೆಗೆಯದೆ ಗತಿಯಿರಲಿಲ್ಲ. ಉಗ್ರತೆಯು ಸುಂದರವಾದ ಮುಖವನ್ನು ಹೊತ್ತು ಬಂದರೆ ಯಾರಿಗೂ ಗೊತ್ತಾಗದು.

ಈ ದೋಷವನ್ನು ಅಳೆಯುವುದಕ್ಕೆ ಒಂದು ಮಾನದಂಡವು ವಾತ್ಸ್ಯಾಯನನಲ್ಲಿಯೇ ದೊರೆಯುತ್ತದೆ. ದಂತಕ್ಷತವನ್ನು ವಿವರಿಸಿದ ಬಳಿಕ ಅವನು, ಬೇಡವೆಂದು ತಡೆದರೂ ಪುರುಷನು ಕಚ್ಚಿದರೆ ಸ್ತ್ರೀಯು ಅದನ್ನು ಸಹಿಸದೆ ಇಮ್ಮಡಿಯಾಗಿ ಹಿಂದಿರುಗಿಸಬೇಕೆಂದು ವಿಧಿಸಿರುವನು. ಕಚ್ಚುವಿಕೆಯು ಕ್ರೀಡೆಯಾಗುವುದು ಅದಕ್ಕೆ ಪ್ರತಿಕ್ರಿಯೆಯು ಸಾಧ್ಯವಾದಾಗ ಮಾತ್ರ. ರಕ್ತಪಾಯಿಯ ಕಚ್ಚುವಿಕೆಗೆ ಪ್ರತಿಕ್ರಿಯೆಯಿಲ್ಲ. ರತಿಯು ಇಬ್ಬರಲ್ಲಿ ಇದ್ದರೂ ಶಕ್ತಿಯು ಒಬ್ಬನಲ್ಲಿಯೇ ಇರುವುದರಿಂದ ಅದು ಸಮವಾದ ರತಿಯಾಗಲಾರದು. ನಾಲ್ಕನೆಯ ಭಾಗದಲ್ಲಿ ಬೆಲ್ಲಳೂ ರಕ್ತಪಾಯಿನಿಯಾಗಿ, ಕೆಲಕಾಲ ಬಲದಲ್ಲಿ ಅವನನ್ನೂ ಮೀರುವಳೆಂದು ಲೇಖಿಕೆಯು ಕಲ್ಪಿಸಿರುವುದು ಈ ಕೊರತೆಯು ಆಕೆಗೂ ಹೊಳೆದಿತ್ತೆಂಬುದನ್ನು ಸೂಚಿಸುತ್ತದೆ. ಆದರೆ ಸಮತೆಗಾಗಿ ನಾಯಿಕೆಯು ತನ್ನ ಮನುಷ್ಯತ್ವವನ್ನೇ ತೆರಬೇಕಾಯಿತು. ಅಂತರವು ಹೋದುದರಿಂದ ವಿಪ್ರಲಂಭವೂ ಹೋಯಿತು.

ಹಿಡಿಂಬೆಯ ಕಥೆಯನ್ನು ಇದರ ಪಕ್ಕದಲ್ಲಿಟ್ಟರೆ ಭೇದವು ನಿಚ್ಚಳವಾಗುವುದು. ಅಲ್ಲಿಯೂ ಬಲವು ಬೇಟೆಗಾರ್ತಿಯದೇ ಎಂದು ಮೊದಲು ತೋರುತ್ತದೆ. ಆದರೆ ಅವಳು ಅಣ್ಣನ ಸಂಚನ್ನು ತಾನಾಗಿಯೇ ಹೊರಗೆಡಹುವಳು. ಕುಂತಿಯ ಮುಂದೆ ಕೈಮುಗಿದು ಬೇಡುವಳು. ಹಗಲೆಲ್ಲ ವಿಹರಿಸಿ ಇರುಳಿಗೆ ಭೀಮನನ್ನು ತಂದೊಪ್ಪಿಸಬೇಕೆಂಬ ಕಟ್ಟಳೆಯನ್ನು ಯುಧಿಷ್ಠಿರನು ವಿಧಿಸುವನು. ಮಗನು ಹುಟ್ಟುವವರೆಗೆ ಮಾತ್ರವೆಂಬ ಅವಧಿಯನ್ನು ಭೀಮನು ಹಾಕುವನು. ಕಟ್ಟಳೆಗಳನ್ನು ವಿಧಿಸುವವರು ಬೇಟೆಯ ಪಕ್ಷದವರು; ಪಾಲಿಸುವವಳು ರಾಕ್ಷಸಿ. ‘ಟ್ವೈಲೈಟ್’ನಲ್ಲಿ ಕಟ್ಟಳೆಗಳನ್ನು ಮಾಡುವವನೂ ಪಾಲಿಸುವವನೂ ಮುರಿಯಬಲ್ಲವನೂ ಎಡ್ವರ್ಡನೇ. ಆದುದರಿಂದ ಅವನ ಸಂಯಮವು ಎಷ್ಟೇ ಹಿರಿದಾಗಿದ್ದರೂ ಅದು ಅವನು ಕೊಟ್ಟ ದಾನವೇ ಹೊರತು ಅವಳಿಗೆ ಸಂದ ಹಕ್ಕಲ್ಲ.

೮

ಇಷ್ಟರಿಂದ ಸಿದ್ಧವಾದುದೇನೆಂದರೆ: ರಕ್ತಪಾಯಿಯ ಪ್ರಣಯಕಥೆಗಳು ರಸವಿರೋಧದ ನಿಯಮವನ್ನು ಸುಳ್ಳುಮಾಡಿಲ್ಲ. ಜುಗುಪ್ಸೆಯಿದ್ದಷ್ಟು ಕಾಲ ಪ್ರೇತವು ಪ್ರತಿನಾಯಕನಾಗಿಯೇ ಉಳಿಯಿತು. ಅದು ಹೋದ ಮೇಲೆಯೇ ನಾಯಕನಾಯಿತು. ಭಯವು ಮಾತ್ರ ಸಂಚಾರಿಯಾಗಿ ಜೊತೆಯಲ್ಲಿ ಉಳಿಯಿತು. ಉಳಿದು ವಿಪ್ರಲಂಭವನ್ನು ಪೋಷಿಸಿತು. ಈ ಅಂಶದಲ್ಲಿ ಆನಂದವರ್ಧನನ ಪಟ್ಟಿಯು ವಿಶ್ವನಾಥನ ಪಟ್ಟಿಗಿಂತ ಲಕ್ಷ್ಯಕ್ಕೆ ಹತ್ತಿರವಾಗಿದೆಯೆಂದು ಹೇಳಬೇಕಾಗುವುದು. ಆಕರ್ಷಣೆಯು ಸಹಜವಾದುದು, ಅದಕ್ಕಾಗಿ ವಾಚಕರನ್ನು ಹಳಿಯುವುದು ಅನ್ಯಾಯ. ಆದರೆ ಉಗ್ರತೆಯು ರತಿಯ ಅನುಭಾವವಾಗಿ ವೇಷವನ್ನು ಹಾಕಿಕೊಂಡು ಬಂದ ಸ್ಥಲಗಳಲ್ಲಿ ರಸವು ಆಭಾಸಕ್ಕೆ ಇಳಿದಿದೆ. ಅದನ್ನು ತೋರಿಸಿಕೊಡದೆ ಬಿಡುವುದೂ ಅನ್ಯಾಯವೇ.

ಅಧ್ಯಾಪಕನ ಕರ್ತವ್ಯವು ಇಲ್ಲಿ ಸ್ಪಷ್ಟವಾಗಿದೆ. ಪುಸ್ತಕವನ್ನು ಕಿತ್ತುಕೊಂಡರೆ ಓದು ಗುಟ್ಟಾಗುವುದು. ಹೊಗಳಿಬಿಟ್ಟರೆ ವಿವೇಕವು ಮಲಗುವುದು. ತನಗೆ ಇಷ್ಟವಾದ ಪುಟದಲ್ಲಿ ನಾಯಕನು ತನ್ನನ್ನು ತಡೆದುಕೊಳ್ಳುತ್ತಿರುವನೋ, ನಾಯಿಕೆಯನ್ನು ತಡೆಯುತ್ತಿರುವನೋ ಎಂಬ ಒಂದು ಪ್ರಶ್ನೆಯನ್ನು ಕೇಳುವ ಅಭ್ಯಾಸವನ್ನು ಓದುಗಿತ್ತಿಗೆ ಕಲಿಸಿದರೆ ಸಾಕು. ಮೊದಲನೆಯದು ವಿಪ್ರಲಂಭ, ಎರಡನೆಯದು ಬಂಧನ. ಈ ಭೇದವನ್ನು ಒಮ್ಮೆ ಕಂಡವಳು ಕಾದಂಬರಿಯ ಹೊರಗೂ ಅದನ್ನು ಕಾಣದಿರಳು.